ಹನ್ನೆರಡನೆಯ ಪದ

ಮೋಟೆಬೆನ್ನೂರು
12 ಮಾರ್ಚ್ 2025

ಸುಶ್ಮಿತಾ ಮೇಡಂ ಅವರಿಗೆ ದ್ರಾಕ್ಷಾಯಿಣಿ ಮಾಡುವ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಜನವರಿಯಲ್ಲಿ ನೀವು ಬ್ಯಾಡಗಿಯ ನಿಜಲಿಂಗಪ್ಪ ಸಾವುಕಾರರ ಶೆಡ್ಡಿಗೆ ಬಂದಿರಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಮೂವತ್ತೊಂದು ಹೆಂಗಸರನ್ನು ಕೂಡಿಸಿ ನೆನಪಿನ ಪರೀಕ್ಷೆ ಮಾಡಿದಿರಿ. ಘಾಟು ತಡೆಯದೆ ಸೀನಿ ಸೀನಿ ಮೂಗು ಕೆಂಪು ಮಾಡಿಕೊಂಡ ಹುಡುಗಿ ನೀವೇ ಅಲ್ಲವೆ? ನಮ್ಮ ಶೇಖವ್ವ ನಿಮಗೆ ನೀರು, ಬೆಲ್ಲ ತಂದುಕೊಟ್ಟಳು. ಅದಾದರೂ ನೆನಪಿರಬೇಕು.

ಹದಿನೈದು ಪದ ಓದುತ್ತೇನೆ, ಲಕ್ಷ್ಯಕೊಟ್ಟು ಕೇಳಿ ಎಂದಿರಿ. ಎಲ್ಲರಿಗೂ ಕೂಡಿಯೇ ಓದಿದಿರಿ. ಆಮೇಲೆ ಒಬ್ಬೊಬ್ಬರನ್ನೇ ತೂಕದ ಕೋಣೆಗೆ ಕರೆದು, ನೆನಪಿದ್ದಷ್ಟು ಹೇಳಿಸಿ, ಕೈಗೊಂದು ಚೀಟಿ ಕೊಟ್ಟಿರಿ. ನನ್ನ ಚೀಟಿಯಲ್ಲಿ ಹದಿನೈದಕ್ಕೆ ಐದು ಎಂದಿತ್ತು.

ನನ್ನದು ಒಂದೇ ಪ್ರಶ್ನೆ. ಆ ಐದು ಯಾವುವು? ಬಿಟ್ಟುಹೋದ ಹತ್ತು ಯಾವುವು? ಮಾರ್ಕು ಹೆಚ್ಚು ಮಾಡಿ ಎಂದು ಕೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ದಿನಾಲೂ ಇದೇ ವಿಚಾರ ಬರುತ್ತದೆ. ನೀವು ಕೊಟ್ಟ ಕಾಗದದ ಕೆಳಗೆ 'ಸಂದೇಹಗಳಿದ್ದಲ್ಲಿ ಸಂಪರ್ಕಿಸಿ' ಎಂದು ರಾಣೆಬೆನ್ನೂರಿನ ವಿಳಾಸ ಇತ್ತು. ಸಂದೇಹ ಇದೆ, ಅದಕ್ಕೇ ಬರೆದೆ. ಫೋನಿನಲ್ಲಿ ಮಾತಾಡಿದರೆ ಮನೆಮಂದಿಯೆಲ್ಲ ಕಿವಿಗೊಡುತ್ತಾರೆ.

ಉತ್ತರದ ದಾರಿ ನೋಡುವ,
ದ್ರಾಕ್ಷಾಯಿಣಿ


ರಾಣೆಬೆನ್ನೂರು
24 ಮಾರ್ಚ್ 2025

ಶ್ರೀಮತಿ ದ್ರಾಕ್ಷಾಯಿಣಿಯವರಿಗೆ,

ತಮ್ಮ ಪತ್ರ ತಲುಪಿತು. ಅಧ್ಯಯನದಲ್ಲಿ ಪಾಲ್ಗೊಂಡಿದ್ದಕ್ಕೆ ಧನ್ಯವಾದಗಳು. ಗೌಪ್ಯತೆಯ ನಿಯಮಾನುಸಾರ ಪಾಲ್ಗೊಂಡವರ ಹೆಸರು, ಫೋನ್ ಸಂಖ್ಯೆಗಳನ್ನು ನಾವು ಪಡೆದಿಲ್ಲ. ಹೀಗಾಗಿ ವೈಯಕ್ತಿಕ ಫಲಿತಾಂಶ ತಿಳಿಸಲು ಸಾಧ್ಯವಾಗುವುದಿಲ್ಲ. ಅಂಕಗಳ ಕುರಿತಾದ ವಿವರಣೆಯನ್ನು ಅಂದೇ ಕೊನೆಯಲ್ಲಿ ಎಲ್ಲರಿಗೂ ಓದಿ ಹೇಳಲಾಗಿದೆ. ದಯವಿಟ್ಟು ಅದನ್ನು ನೆನಪಿಸಿಕೊಳ್ಳಿ.

ಪಟ್ಟಿಯ ಪದಗಳನ್ನು ಈಗ ಬಹಿರಂಗಪಡಿಸುವಂತಿಲ್ಲ. ಇಷ್ಟು ಮಾತ್ರ ಹೇಳಬಹುದು: ನಿಮ್ಮ ಶೆಡ್ಡಿನ ಮೂವತ್ತೊಂದು ಜನರಲ್ಲಿ ಒಬ್ಬರೂ ನೆನಪಿಟ್ಟುಕೊಳ್ಳದ ಪದವೊಂದಿದೆ. ಬೇರೆ ಶೆಡ್ಡುಗಳಲ್ಲಿ ಅರ್ಧಕ್ಕರ್ಧ ಜನ ಅದನ್ನು ಹೇಳಿದ್ದಾರೆ. ಇದು ನಮಗೆ ಬಹಳ ಕುತೂಹಲದ ಸಂಗತಿ.

ವಿಶ್ವಾಸಪೂರ್ವಕ,
ಸುಶ್ಮಿತಾ, ಸಂಶೋಧನಾ ವಿದ್ಯಾರ್ಥಿನಿ, ಮನೋವಿಜ್ಞಾನ


ಮೋಟೆಬೆನ್ನೂರು
2 ಏಪ್ರಿಲ್ 2025

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದಿತ್ತು. ನಮ್ಮ ಮನೆಯವರಿಗೆ ಹೆದ್ದಾರಿ ಬದಿಗೆ ಪಂಕ್ಚರ್ ಅಂಗಡಿ ಇದೆ. 'ಗೌಪ್ಯತೆಯ ನಿಯಮಾನುಸಾರ' ಎಂದರೇನು ಎಂದು ಅವರನ್ನು ಕೇಳಿದೆ. "ಹೇಳಂಗಿಲ್ಲ ಅಂತ ಹೇಳ್ಯಾರ, ಅಷ್ಟ" ಎಂದು ಟ್ಯೂಬಿಗೆ ತೇಪೆ ಹಚ್ಚುತ್ತ ಕೂತರು. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ಮಾತಾಡಿದಂತೆ ಬರೆದರೆ ನಮ್ಮ ಮಾಸ್ತರರು ಕಿವಿ ಹಿಂಡುತ್ತಿದ್ದರು, ಅದಕ್ಕೇ ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮದು ಅದಕ್ಕಿಂತ ಮೇಲಿನ ಕನ್ನಡ.

ಕೊನೆಗೆ ಏನೋ ಓದಿದೆವು ಎಂದು ಬರೆದಿದ್ದೀರಿ. ನಾನು ಅದನ್ನು ಕೇಳಲೇ ಇಲ್ಲ. ಚೀಟಿ ಕೊಟ್ಟ ಮೇಲೆ ನೀವು ಆಡಿಸಿದ, ಕಡ್ಡಿ ಜೋಡಿಸುವ ಎರಡನೆಯ ಆಟ ಮುಗಿಯುವ ಹೊತ್ತಿಗೆ ನಾಲ್ಕೂವರೆಯ ಬಸ್ಸಿನ ವೇಳೆಯಾಗಿತ್ತು. ಕಾಗಿನೆಲೆಯ ಕಡೆಯ ನಾಲ್ವರು, ಮೋಟೆಬೆನ್ನೂರಿನ ನಾನು ಎದ್ದು ಬಂದುಬಿಟ್ಟೆವು. ಮರುದಿನ ಶೇಖವ್ವನನ್ನು ಕೇಳಿದೆ. ಅವಳೂ ನಾನೂ ಹದಿನೆಂಟು ವರ್ಷದಿಂದ ಒಂದೇ ರಾಶಿಯ ಮುಂದೆ ಕೂರುವವರು. "ಏನೋ ಕಾಗದ ಓದಿದ್ಲವಾ. ಆಮ್ಯಾಲ ಬಿಸ್ಕೀಟ್ ಕೊಟ್ಲು, ಚಲೋ ಬಿಸ್ಕೀಟ್" ಎಂದಳು. ಅವಳಿಗೆ ಹದಿಮೂರು ಬಂದಿತ್ತು. ಚೀಟಿಯನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ.

ನಿಮಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ನನ್ನದು ಕೇಳಿ. ಆ ಕೋಣೆಯಲ್ಲಿ ನಾನು ಬೆರಳು ಮಡಚಿ ಎಣಿಸುತ್ತ ಹದಿನಾಲ್ಕು ಪದ ಹೇಳಿದ್ದೆ. ಒಂದು ಮರೆತೆನಲ್ಲ ಎಂದು ಬೇಜಾರಾಗಿತ್ತು. ಚೀಟಿ ನೋಡಿದರೆ ಐದು! ಹಾಗಾದರೆ ಉಳಿದ ಒಂಬತ್ತು ನೀವು ಓದಿದವಲ್ಲ, ನನ್ನ ತಲೆಯೇ ಹುಟ್ಟಿಸಿದವು. ಮರೆತಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಮ್ಮವ್ವನಿಗೂ ಹೀಗೆಯೇ ಶುರುವಾಗಿತ್ತು. ನಡೆಯದ್ದನ್ನು ನಡೆಯಿತು ಎನ್ನುತ್ತಿದ್ದಳು. ಕೊನೆಯ ವರ್ಷ ನನ್ನ ಕೈಯಿಂದ ತುತ್ತು ತಿನ್ನುತ್ತಲೇ "ಯಾರವ್ವ ನೀ, ಯಾರ ಮನ್ಯಾಕಿ?" ಎಂದು ಕೇಳುತ್ತಿದ್ದಳು.

ನಾನು ಒಡಪಿನಾಕೆ, ಮೇಡಂ. ನೀವು ಕಲಿತವರು, ಗಂಡನ ಹೆಸರು ಹಿಡಿದು ಕೂಗುವವರೇ ಇರಬಹುದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಹಾಗೆ ನೇರ ಹೇಳುವುದಿಲ್ಲ. ಪ್ರಾಸ ಕಟ್ಟಿ ಒಡಪಿನೊಳಗೆ ಇಟ್ಟು ಹೇಳುತ್ತಾಳೆ. ಮದುವೆಯಲ್ಲಿ ಹೊಸ್ತಿಲ ಮೇಲೆ ಹುಡುಗಿಯನ್ನು ತಡೆದು ನಿಲ್ಲಿಸಿದಾಗ ಅವಳ ಕಿವಿಯಲ್ಲಿ ಒಡಪು ಹೇಳಿಕೊಡಲು ಸುತ್ತ ಹತ್ತು ಹಳ್ಳಿಯವರು ನನ್ನನ್ನೇ ಕರೆಯುತ್ತಿದ್ದರು. ಎರಡು ನೂರಕ್ಕೂ ಮೇಲೆ ಒಡಪು ನನ್ನ ಬಾಯಲ್ಲಿವೆ. ಇದ್ದವು. ಫೆಬ್ರವರಿಯಲ್ಲಿ ಕಾಗಿನೆಲೆಯ ಒಂದು ಮದುವೆಯಲ್ಲಿ ಹುಡುಗಿ ನನ್ನ ಮುಖ ನೋಡಿದಳು, ನನಗೆ ಬಾಯಿ ಬರಲಿಲ್ಲ. ಒಡಪಿನ ನಡುವೆ ಬೇರೆ ಯಾರದೋ ಗಂಡನ ಹೆಸರು ಹೇಳಿಬಿಟ್ಟರೆ? ಯಾರೋ ಮೊಬೈಲಿನಲ್ಲಿ ನೋಡಿ ಓದಿದರು.

ಜೂನಿನಲ್ಲಿ ನನ್ನ ತಂಗಿಯ ಮಗಳು ಸುಧಾರಾಣಿಯ ಮದುವೆ ಇದೆ. "ದೊಡ್ಡವ್ವ, ನೀ ಬಾಜೂಕ ನಿಂದರಲಿಲ್ಲಂದ್ರ ನಾ ಹೊಸ್ತಿಲಾ ದಾಟಂಗಿಲ್ಲ" ಎನ್ನುತ್ತಾಳೆ. ಆರೋಗ್ಯ ಸರಿ ಇಲ್ಲ ಎಂದು ಸುಳ್ಳು ಹೇಳಿದ್ದೇನೆ. ಹಾವೇರಿಯ ಡಾಕ್ಟರ್ ಹತ್ತಿರವೂ ಹೋಗಿ ಬಂದೆ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಿ "ಏನಾಗಿಲ್ಲ, ಹೋಗ್ರಿ" ಎಂದರು. ಆದರೆ ನಿಮ್ಮ ಚೀಟಿಯ ಮೇಲೆ ವಿಶ್ವವಿದ್ಯಾಲಯದ ಮೊಹರು ಇತ್ತಲ್ಲ.

ಇನ್ನೊಂದು. ಮೂವತ್ತೊಂದು ಜನರಲ್ಲಿ ಒಬ್ಬರಿಗೂ ನೆನಪಾಗದ ಪದ ಯಾವುದು? ಅಷ್ಟೂ ತಲೆಯಿಂದ ಒಂದೇ ಪದ ಹಾರಿಹೋಗುವುದೆಂದರೆ ಸೋಜಿಗವೇ. ನನ್ನ ಸಂಕಟದ ನಡುವೆಯೂ ಅದನ್ನು ತಿಳಿಯಬೇಕು ಅನ್ನಿಸುತ್ತಿದೆ.

ಇತಿ,
ನಿಮ್ಮ ಐದು ಮಾರ್ಕಿನ ದ್ರಾಕ್ಷಾಯಿಣಿ


ರಾಣೆಬೆನ್ನೂರು
9 ಏಪ್ರಿಲ್ 2025

ದ್ರಾಕ್ಷಾಯಿಣಿ ಅವ್ವನವರಿಗೆ,

ಮೊದಲು ಮುಖ್ಯವಾದ ಮಾತು. ಆ ಚೀಟಿಯಲ್ಲಿದ್ದ ಐದು ಸುಳ್ಳು. ನಿಮ್ಮ ಉತ್ತರವನ್ನು ನೋಡಿ ಹಾಕಿದ ಅಂಕಿ ಅದಲ್ಲ. ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟಿದ್ದೆನಲ್ಲ, ಅದರಲ್ಲಿ ಬೆಸ ಸಂಖ್ಯೆ ಬಂದವರಿಗೆಲ್ಲ ಐದು, ಸಮ ಸಂಖ್ಯೆಯವರಿಗೆಲ್ಲ ಹದಿಮೂರು ಎಂದು ಹಿಂದಿನ ದಿನವೇ ಅಚ್ಚು ಹಾಕಿಸಿ ತಂದಿದ್ದೆ.

ಯಾಕೆ ಎಂದು ನೀವು ಕೇಳುತ್ತೀರಿ. ನಿನ್ನಿಂದ ಆಗದು ಎಂದು ಹೇಳಿಸಿಕೊಂಡವರು ಮುಂದಿನ ಕೆಲಸವನ್ನು ಬೇಗ ಕೈಬಿಡುತ್ತಾರೆಯೆ ಎಂಬುದು ನನ್ನ ಅಧ್ಯಯನ. ಎರಡನೆಯ ಆಟವಾಗಿ ಕಡ್ಡಿ ಜೋಡಿಸಲು ಕೊಟ್ಟದ್ದು ಅದಕ್ಕೇ. ಮೊದಲೇ ನಿಜ ಹೇಳಿದರೆ ಇದು ತಿಳಿಯುವುದಿಲ್ಲ. ಹಾಗಾಗಿ ಸುಳ್ಳು ಹೇಳಲು ನಮಗೆ ಒಪ್ಪಿಗೆ ಸಿಗುತ್ತದೆ, ಒಂದು ಕರಾರಿನ ಮೇಲೆ: ಯಾರೂ ಆ ಸುಳ್ಳನ್ನು ಹೊತ್ತುಕೊಂಡು ಮನೆಗೆ ಹೋಗಬಾರದು. ಎದ್ದು ಹೋಗುವ ಮೊದಲು ಪ್ರತಿಯೊಬ್ಬರಿಗೂ ನಿಜ ತಿಳಿಸಬೇಕು, ಅವರಿಗೆ ತಿಳಿಯಿತೇ ಎಂದು ನೋಡಬೇಕು.

ನಾನು ಕೊನೆಗೆ ಓದಿದ್ದು ಅದನ್ನೇ. 'ಈ ಅಂಕಗಳು ತಮ್ಮ ವಾಸ್ತವಿಕ ಸಾಮರ್ಥ್ಯವನ್ನು ಪ್ರತಿಬಿಂಬಿಸುವುದಿಲ್ಲ.' ಎಲ್ಲರೂ ತಲೆಯಾಡಿಸಿದರು, ತಿಳಿಯಿತು ಎಂದುಕೊಂಡೆ. ಶೇಖವ್ವನವರ ಮಾತು ಓದಿದ ಮೇಲೆ ನಾಚಿಕೆಯಾಯಿತು. ಅವರಿಗೆ ಬಿಸ್ಕೀಟೊಂದೇ ತಿಳಿದಿದೆ. ಐದು ಜನ ಎದ್ದು ಹೋದದ್ದನ್ನು ನಾನು ನೋಡಿದ್ದೆ. ಹೆಸರು, ನಂಬರು ತೆಗೆದುಕೊಂಡಿರಲಿಲ್ಲ, ಹುಡುಕುವುದು ಹೇಗೆ ಎಂದು ಸುಮ್ಮನಾದೆ. ನಿಮ್ಮನ್ನು ಕಾಪಾಡಲು ಮಾಡಿದ ನಿಯಮ, ನಿಮ್ಮನ್ನು ಹುಡುಕದಿರಲು ನನಗೆ ನೆಪವಾಯಿತು.

ನಿಮ್ಮ ಅವ್ವನ ಸಂಗತಿ ಓದಿದ ದಿನವೇ ಈ ಪತ್ರ ಬರೆಯಲು ಕೂತೆ. ನಿಮ್ಮ ಸಂಖ್ಯೆ ತಿಳಿಸಿದರೆ ನೀವು ನಿಜವಾಗಿ ಹೇಳಿದ ಪದಗಳೆಷ್ಟು ಎಂದು ತಕ್ಷಣ ಬರೆಯುತ್ತೇನೆ. ದಯವಿಟ್ಟು ಮದುವೆಗೆ ಹೋಗಿ.

ಕ್ಷಮೆ ಕೇಳುತ್ತ,
ಸುಶ್ಮಿತಾ


ಮೋಟೆಬೆನ್ನೂರು
16 ಏಪ್ರಿಲ್ 2025

ಮೇಡಂ,

ನನ್ನ ಸಂಖ್ಯೆ ಹದಿನೇಳು. ಹದಿನೇಳು ಬೆಸವೇ. ಆದರೆ ನನ್ನ ಮಾರ್ಕು ಬರೆಯಬೇಡಿ, ಬರೆದರೂ ನಂಬಲಾರೆ.

ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಬಂದದ್ದು ಖರೆ, ಅದು ಮೊನ್ನೆಗೇ ಮುಗಿಯಿತು. ಈಗ ನಿಜವಾದ ತೊಡಕು ಹೇಳುತ್ತೇನೆ. ಜನವರಿಯಲ್ಲಿ ನನ್ನ ಮುಖ ನೋಡುತ್ತ, ನಕ್ಕು, ಸುಳ್ಳು ಚೀಟಿ ಕೊಟ್ಟಿರಿ. ನನಗೆ ಗುರುತು ಹತ್ತಲಿಲ್ಲ. ಈಗ ಪತ್ರದಲ್ಲಿ ಅದು ಸುಳ್ಳು ಎನ್ನುತ್ತೀರಿ. ಇದೂ ಪರೀಕ್ಷೆಯ ಮೂರನೆಯ ಆಟ ಅಲ್ಲ ಎಂದು ನನಗೆ ಗೊತ್ತಾಗುವುದು ಹೇಗೆ? ಹೆಂಗಸು ಹೆದರಿದ್ದಾಳೆ, ಸಮಾಧಾನ ಹೇಳಿದರೆ ಎದ್ದು ನಿಲ್ಲುತ್ತಾಳೋ ಇಲ್ಲವೋ ನೋಡೋಣ ಎಂದೂ ಇರಬಹುದಲ್ಲ. ನಾಳೆ ನೀವು ಹದಿನಾಲ್ಕು ಎಂದು ಬರೆದರೆ ನಾನು ಯಾವ ಮೊಹರನ್ನು ನಂಬಲಿ?

ಮತ್ತೊಂದು ಮಾತು, ಬೈಗುಳ ಅಂದುಕೊಳ್ಳಬೇಡಿ. ನಿಮ್ಮ ಕಾಗದದಲ್ಲಿ 'ಸ್ವಇಚ್ಛೆಯಿಂದ' ಎಂದಿತ್ತು. ಸಾವುಕಾರರು ಬಾಗಿಲಲ್ಲಿ ನಿಂತು "ಎಲ್ಲಾರೂ ಕುಂದ್ರಿ, ತಂಗಿ ದೂರದಿಂದ ಬಂದಾಳ" ಎಂದರು. ದಿನಾಲೂ ಕೆಲಸ ಕೊಡುವವರು ಕುಂದ್ರಿ ಎಂದರೆ ನಾವು ಕೂರುತ್ತೇವೆ. ಅದು ಇಚ್ಛೆ ಹೌದೋ ಅಲ್ಲವೋ ನೀವೇ ಹೇಳಿ.

ದ್ರಾಕ್ಷಾಯಿಣಿ


ರಾಣೆಬೆನ್ನೂರು
14 ಮೇ 2025

ದ್ರಾಕ್ಷಾಯಿಣಿ ಅವ್ವನವರಿಗೆ,

ಉತ್ತರ ಬರೆಯಲು ಒಂದು ತಿಂಗಳು ಹಿಡಿಯಿತು. ಆ ನಡುವೆ ನಡೆದದ್ದು ಇದು.

ಪತ್ರಗಳಲ್ಲಿ ನಿಮ್ಮ ಹೆಸರು, ಊರು ಮುಚ್ಚಿ, ನನ್ನ ಮಾರ್ಗದರ್ಶಕರಾದ ಪರಮೇಶಪ್ಪ ಸರ್ ಅವರಿಗೆ ಓದಿ ಹೇಳಿದೆ. "ಇದನ್ನ ಮುಚ್ಚಿಟ್ಟು ಪದವಿ ತಗೊಂಡ್ರ ಆ ಪದವಿ ಯಾಕ ಬೇಕು?" ಎಂದರು. ಮನುಷ್ಯರ ಮೇಲೆ ನಡೆಸುವ ಅಧ್ಯಯನಗಳನ್ನು ನೋಡುವ ಸಮಿತಿಯೊಂದು ನಮ್ಮಲ್ಲಿದೆ. ಅವರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಸಾವುಕಾರರ ಮಾತನ್ನೂ ಹೇಳಿದೆ. ನನ್ನ ಕೆಲಸ ಸದ್ಯ ನಿಂತಿದೆ. ಮೂವತ್ತೊಂದು ಜನರಿಗೂ ತಿಳಿಯುವ ಮಾತಿನಲ್ಲಿ ನಿಜ ಹೇಳಿ, ಅವರು ಒಪ್ಪಿದರೆ ಮಾತ್ರ ಮುಂದೆ ಎಂದಿದ್ದಾರೆ. ಎರಡು ವರ್ಷದ ಶ್ರಮ ಹೋದರೂ ಹೋದೀತು ಎಂದು ಅಳು ಬಂದದ್ದು ನಿಜ. ಆದರೆ ಅವರು ಹೇಳಿದ್ದು ಸರಿ.

ಈಗ ನಿಮ್ಮ ತೊಡಕು. ನನ್ನನ್ನು ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ. ನನ್ನನ್ನು ನಂಬದೆಯೇ ನಿಜ ತಿಳಿಯುವ ದಾರಿ ಒಂದಿದೆ. ಜನವರಿಯಲ್ಲಿ ಅನುಮತಿ ಕೇಳಲು ಬಂದಾಗ, ಓದಬೇಕಾದ ಪದಗಳ ಪಟ್ಟಿಯೂ ಸೇರಿ ಎಲ್ಲ ಕಾಗದದ ಒಂದು ಪ್ರತಿಯನ್ನು, ಪದಗಳು ಯಾರಿಗೂ ಮೊದಲೇ ತಿಳಿಯಬಾರದೆಂದು ಅರಗು ಹಾಕಿದ ಲಕೋಟೆಯಲ್ಲಿ ನಿಜಲಿಂಗಪ್ಪನವರಿಗೆ ಕೊಟ್ಟಿದ್ದೆ. ಮೊನ್ನೆ ಫೋನ್ ಮಾಡಿ ಕೇಳಿದೆ. "ಒಡದಿಲ್ಲಮ್ಮ, ಟೇಬಲ್ ಖಾನ್ಯಾಗ ಬಿದ್ದೈತಿ" ಎಂದರು. ಆ ಲಕೋಟೆ ನಿಮ್ಮ ಪರೀಕ್ಷೆಗಿಂತ ಒಂದು ವಾರ ಹಿಂದಿನದು. ಅದಕ್ಕೆ ನಾನು ಈಗ ಏನನ್ನೂ ಸೇರಿಸಲಾರೆ.

ನಿಮ್ಮ ತಲೆಯಲ್ಲಿರುವ ಹದಿನಾಲ್ಕು ಪದಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನನಗೆ ಕಳಿಸಬೇಡಿ. ಶೆಡ್ಡಿಗೆ ಹೋಗಿ, ಲಕೋಟೆಯನ್ನು ನಿಮ್ಮ ಕಣ್ಣೆದುರೇ ಒಡೆಸಿ ಹೋಲಿಸಿ ನೋಡಿ. ನಾನು ಅಲ್ಲಿರುವುದಿಲ್ಲ. ಮನಸ್ಸಿಲ್ಲದಿದ್ದರೆ ಇದನ್ನೂ ಮಾಡಬೇಕಾಗಿಲ್ಲ, ಕಾರಣ ಹೇಳಬೇಕಾಗಿಯೂ ಇಲ್ಲ. ಈ ಮಾತನ್ನು ಜನವರಿಯಲ್ಲೇ ನಿಮ್ಮ ಎದುರು ಕೂತು ಹೇಳಬೇಕಿತ್ತು.

ಯಾರಿಗೂ ನೆನಪಾಗದ ಪದದ ಬಗ್ಗೆ ಕೇಳಿದ್ದಿರಿ. ಅದು ಪಟ್ಟಿಯ ಹನ್ನೆರಡನೆಯದು. ಅದನ್ನು ಕುರಿತು ಎರಡು ಪುಟ ಬರೆದಿದ್ದೇನೆ. ಆ ವಸ್ತು ನಿಮ್ಮ ದಿನದ ಕೆಲಸದಲ್ಲಿ ಕಾಣದ್ದರಿಂದ ಮನಸ್ಸಿನಲ್ಲಿ ಉಳಿಯಲಿಲ್ಲ ಎಂಬುದು ನನ್ನ ವಾದ. ಪರಮೇಶಪ್ಪ ಸರ್ ಮೆಚ್ಚಿಕೊಂಡ ಭಾಗ ಅದೊಂದೇ.

ಗೌರವದಿಂದ,
ಸುಶ್ಮಿತಾ


ಮೋಟೆಬೆನ್ನೂರು
25 ಮೇ 2025

ತಂಗಿ ಸುಶ್ಮಿತಾಳಿಗೆ ದ್ರಾಕ್ಷಾಯಿಣಿಯ ಆಶೀರ್ವಾದಗಳು.

ನಿನ್ನ ಪತ್ರ ಬಂದು ಆರು ದಿನ ಅಕ್ಕಿ ಡಬ್ಬಿಯ ಕೆಳಗೇ ಇತ್ತು. ಲಕೋಟೆ ಒಡೆದು, ಐದೇ ಪದ ಸರಿ ಬಂದರೆ ಆಮೇಲೆ ಏನು? ಅಲ್ಲಿಯವರೆಗೆ ಆ ಚೀಟಿಯೇ ಸುಳ್ಳು ಇದ್ದೀತು ಎಂಬ ಒಂದು ಆಸರೆಯಾದರೂ ಇತ್ತು. ಆದರೆ ಹನ್ನೆರಡನೆಯ ಪದ ನನ್ನನ್ನು ಕೂರಗೊಡಲಿಲ್ಲ. ಅದೇನೆಂದು ನೋಡದೆ ಸಾಯಲಾರೆ ಅನ್ನಿಸಿತು.

ನಿನ್ನೆ ಹೋದೆ. ಶೆಡ್ಡಿನಲ್ಲಿ ಕಾಯಿ ಕಡಿಮೆ, ಏಳೆಂಟು ಜನ ಇದ್ದರು. ಸಾವುಕಾರರು ಖಾನೆ ಎಳೆದು, ರಸೀತಿ ಪುಸ್ತಕಗಳ ಅಡಿಯಿಂದ ಲಕೋಟೆ ತೆಗೆದುಕೊಟ್ಟರು. ಅರಗು ಹಾಗೆಯೇ ಇತ್ತು. "ಏನೈತಿ ಇದರಾಗ?" ಎಂದು ಕೇಳಿದರು. "ನನ್ನ ತಲಿ ಐತ್ರಿ" ಎಂದೆ. ನಕ್ಕು ಹೊರಗೆ ಹೋದರು.

ನನ್ನ ಹಾಳೆಯನ್ನು ಮೊದಲೇ ಶೇಖವ್ವನ ಕೈಗೆ ಕೊಟ್ಟಿದ್ದೆ. ಅವಳ ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ನಿನ್ನ ಪಟ್ಟಿ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು ಅವಳು. ಒಂದೊಂದು ಪದಕ್ಕೂ ನನ್ನ ಜೀವ ಹೋಗಿ ಬರುತ್ತಿತ್ತು. ಬುಟ್ಟಿ. ಕನ್ನಡಿ. ಆಕಳು. ಮಳೆ. ಬೀಗ. ದೀಪ. ಚಪ್ಪಲಿ. ನಿಂಬೆಹಣ್ಣು. ಬಾವಿ. ಗಡಿಯಾರ. ಹಗ್ಗ. ಹನ್ನೊಂದಕ್ಕೆ ಹನ್ನೊಂದೂ ಸರಿ. ಸಾಲು ಕೂಡ ಅದೇ! ಹೆಂಗಸರೆಲ್ಲ ತೊಟ್ಟು ಬಿಡಿಸುವುದನ್ನು ಬಿಟ್ಟು ನಮ್ಮ ಸುತ್ತ ಕೂತಿದ್ದರು.

ಹನ್ನೆರಡನೆಯದಕ್ಕೆ ಶೇಖವ್ವ ನಿಂತಳು. "ಏಣಿ ಅಂತ ಐತಿ ಇದರಾಗ. ನೀ ಉಪ್ಪು ಅಂತ ಬರದೀ."

ಏಣಿ ನನ್ನ ನೆನಪಿನಲ್ಲಿ ಎಲ್ಲಿಯೂ ಇಲ್ಲ. ಹುಡುಕಿದೆ, ಇಲ್ಲವೇ ಇಲ್ಲ. ಆಗ ಶೇಖವ್ವ ಎರಡೂ ಹಾಳೆ ಕೆಳಗಿಟ್ಟು, "ಏಣಿ ಅಂದಿಲ್ಲ ಬಿಡವಾ ಆಕಿ" ಎಂದಳು. ಹಿಂದಿನಿಂದ ಮತ್ತೊಬ್ಬಳು, "ಹೌದವಾ, ಹಗ್ಗ ಅಂದಾಕಿ ಸೀನಾಕ ಹತ್ತಿದ್ಲು" ಎಂದಳು. ಮೂರು ಸೀನು. ಶೇಖವ್ವ ಎದ್ದು ನೀರು, ಬೆಲ್ಲ ತಂದುಕೊಟ್ಟಳು. ನೀನು ನೀರು ಕುಡಿದು, ಕಣ್ಣು ಒರೆಸಿಕೊಂಡು, ಕಾಗದ ನೋಡಿ ಉಪ್ಪು ಎಂದೆ. ಆಮೇಲೆ ಗಿಳಿ. ಆಮೇಲೆ ಸೂಜಿ. ಅಲ್ಲಿದ್ದವರೆಲ್ಲ ಒಂದೇ ಬಾಯಿಯಲ್ಲಿ ಇದನ್ನೇ ಹೇಳಿದರು.

ನೀನು ಓದಿದ್ದು ಹದಿನಾಲ್ಕು, ತಂಗಿ. ನಾನು ಹೇಳಿದ್ದೂ ಹದಿನಾಲ್ಕು. ಮೂವತ್ತೊಂದು ಜನರ ತಲೆಯಿಂದ ಏಣಿ ಹಾರಿಹೋಗಲಿಲ್ಲ. ನಿನ್ನ ಬಾಯಿಂದ ಹೊರಗೇ ಬರಲಿಲ್ಲ.

ಇನ್ನು ನಿನ್ನ ಎರಡು ಪುಟದ ಸಂಗತಿ. ಏಣಿ ನಮ್ಮ ದಿನದ ಕೆಲಸದಲ್ಲಿ ಇಲ್ಲ ಎಂದು ಬರೆದೆಯಾ? ಚೀಲದ ಮೇಲೆ ಚೀಲ ಒಟ್ಟಿದ ಶೆಡ್ಡಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಏಣಿ ಏರಿ ಇಳಿಯುತ್ತೇವೆ. ನೀನು ಪಟ್ಟಿ ಓದುವಾಗ ಬೆನ್ನು ಕೊಟ್ಟು ನಿಂತಿದ್ದೂ ಒಂದು ಏಣಿಗೇ. ಇದನ್ನು ಹೇಳಿದಾಗ ಶೇಖವ್ವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು.

ಮನೆಗೆ ಬಂದು ಮಾತ್ರ ಅತ್ತೆ. ನಮ್ಮವ್ವನ ಫೋಟೋದ ಮುಂದೆ ಕೂತು ಹೊಟ್ಟೆ ತುಂಬ ಅತ್ತೆ. ನನ್ನ ತಲೆ ಏನನ್ನೂ ಹುಟ್ಟಿಸಿರಲಿಲ್ಲ. ನಾಲ್ಕು ತಿಂಗಳು ನನ್ನನ್ನೇ ನಾನು ನಂಬದೆ ಬದುಕಿದೆ. ಅದು ಎಂಥ ಬದುಕು ಎಂದು ನಿನ್ನ ಪುಸ್ತಕದಲ್ಲಿ ಬರೆ.

ಇತಿ ನಿನ್ನ,
ಹದಿನಾಲ್ಕಕ್ಕೆ ಹದಿನಾಲ್ಕು, ದ್ರಾಕ್ಷಾಯಿಣಿ


ರಾಣೆಬೆನ್ನೂರು
29 ಮೇ 2025

ದ್ರಾಕ್ಷಾಯಿಣಿ ಅವ್ವ,

ನಿಮ್ಮ ಪತ್ರವನ್ನು ನಿಂತಲ್ಲೇ ಮೂರು ಸಲ ಓದಿದೆ. ಆಮೇಲೆ ಜನವರಿಯ ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಆ ದಿನದ ಪುಟದ ಅಂಚಿನಲ್ಲಿ 'ವಿಪರೀತ ಘಾಟು, ನಡುವೆ ನೀರು ಕುಡಿದೆ' ಎಂದು ನನ್ನದೇ ಅಕ್ಷರದಲ್ಲಿದೆ. ನಾಲ್ಕು ತಿಂಗಳು ಆ ಸಾಲು ನನ್ನ ಕಣ್ಣೆದುರು ಇತ್ತು. ನಿಮ್ಮ ನೆನಪಿನಲ್ಲಿ ತಪ್ಪು ಹುಡುಕಿದೆ, ನನ್ನ ಓದಿನಲ್ಲಿ ಒಮ್ಮೆಯೂ ಹುಡುಕಲಿಲ್ಲ.

ಎರಡು ಪುಟ ಹರಿದು ಹಾಕಿದೆ. ಪರಮೇಶಪ್ಪ ಸರ್ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಆ ಅವ್ವಾರ ಕಾಗದಾ ಮುಂದ ಬರೋ ವಿದ್ಯಾರ್ಥಿಗಳಿಗೆ ಓದಿಸಬೇಕು, ಅವರು ಒಪ್ಪಿದ್ರ" ಎಂದರು.

ಸೋಮವಾರ ಶೆಡ್ಡಿಗೆ ಬರುತ್ತೇನೆ. ಸಾವುಕಾರರು ಹೊರಗಿರಲು ಒಪ್ಪಿದ್ದಾರೆ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಹೇಳುತ್ತೇನೆ, ಯಾರ ಬಸ್ಸಿಗೂ ಅಡ್ಡಿಯಾಗುವುದಿಲ್ಲ. ಹೇಳಬೇಕೆಂದಿರುವುದನ್ನು ಇದರ ಜೊತೆ ಇಟ್ಟಿದ್ದೇನೆ. ನಿಮಗೆ ಪುಸ್ತಕದ ವಾಸನೆ ಹೊಡೆದಲ್ಲೆಲ್ಲ ಗೀಟು ಎಳೆಯಿರಿ.

ನಿಮಗೆ ಬೇರೆಯಾಗಿ ಒಂದು ಪ್ರಶ್ನೆ ಕೇಳಲೇಬೇಕು. ಹದಿನೇಳನೆಯ ಸಂಖ್ಯೆಯ ಕಾಗದ ನನ್ನ ಅಧ್ಯಯನದಲ್ಲಿ ಇರಲೋ, ತೆಗೆದು ಸುಡಲೋ? ತೆಗೆ ಎಂದರೆ ತೆಗೆಯುತ್ತೇನೆ, ನನಗೆ ಬೇಜಾರಿಲ್ಲ.

ನಿಮ್ಮಿಂದ ಕಲಿಯುತ್ತಿರುವ,
ಸುಶ್ಮಿತಾ


ಮೋಟೆಬೆನ್ನೂರು
10 ಜೂನ್ 2025

ತಂಗಿ ಸುಶ್ಮಿತಾಗೆ,

ಹೋದ ವಾರ ಸೋಮವಾರ ನಿನ್ನನ್ನು ನೋಡಿ ಸಂತೋಷವಾಯಿತು. ಮೂಗಿಗೆ ಸೆರಗು ಸುತ್ತಿಕೊಂಡು ಬಂದದ್ದು ಒಳ್ಳೆಯದಾಯಿತು. "ಆ ನಂಬರ್ ಸುಳ್ಳು, ನಾನ ಸುಳ್ಳು ಬರದಿದ್ದೆ, ತಪ್ಪಾಗೇತಿ" ಎಂದೆಯಲ್ಲ, ಆಗ ಎಲ್ಲರಿಗೂ ತಿಳಿಯಿತು. ಹದಿಮೂರು ಬಂದಿದ್ದ ಶೇಖವ್ವ ಮಾತ್ರ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಿಜ ಹೇಳಿಸಿದ್ದು ನಾನೇ ಎಂಬ ಸಿಟ್ಟು. ಚೀಟಿಯನ್ನು ಇನ್ನೂ ಜಗುಲಿಯಿಂದ ತೆಗೆದಿಲ್ಲ. ಖುಷಿ ಕೊಡುವ ಸುಳ್ಳನ್ನು ಕಿತ್ತುಕೊಂಡರೂ ನೋಯುತ್ತದೆ ಎಂದು ನಿಮ್ಮ ಸಮಿತಿಗೆ ಹೇಳು.

ನನ್ನ ಕಾಗದ ಸುಡಬೇಡ. ಇಟ್ಟುಕೋ. ಆದರೆ ನಾಲ್ಕೂವರೆಯ ಬಸ್ಸೂ ನಿನ್ನ ಮೂರು ಸೀನೂ ಪುಸ್ತಕದಲ್ಲಿ ಬರಬೇಕು, ಬಿಡಬಾರದು. ನನ್ನ ಹೆಸರು ಬೇಡ, ಹದಿನೇಳು ಎಂದೇ ಇರಲಿ. ಹೆಸರನ್ನು ನೇರ ಹೇಳದ ರೂಢಿ ನಮಗೂ ಇದೆ.

ಸುಧಾರಾಣಿಯ ಮದುವೆ ಐದನೆಯ ತಾರೀಖು ಹಾವೇರಿಯಲ್ಲಿ ಚೆನ್ನಾಗಿ ಆಯಿತು. ಗಂಡಿನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ಕೈ ಹಿಡಿದು ನಿಂತರು. ಹುಡುಗಿ ನನ್ನ ಕಡೆ ನೋಡಿದಳು. ಒಮ್ಮೆ ಕಾಗಿನೆಲೆಯ ಮದುವೆ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಹೇಳಿದೆ, ಅವಳು ಗಟ್ಟಿ ದನಿಯಲ್ಲಿ ಹೇಳಿದಳು:

"ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ರಾಶಿ ಕೆಂಪ,
ವೀರೇಂದ್ರ ಅವರ ಹೆಸರ ಹೇಳಿದ್ರ ನನ್ನ ಮನಸಿಗಿ ತಂಪ."

ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ನನ್ನನ್ನು ಹಿಡಿದುಕೊಂಡರು. "ದೊಡ್ಡವ್ವ, ನೀನೂ ಒಂದು ಹೇಳ, ಹೇಳದ ಒಳಗ ಬಿಡಂಗಿಲ್ಲ" ಎಂದರು. ಎರಡು ನೂರು ಒಡಪು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವುಗಳಲ್ಲಿ ಯಾವುದನ್ನೂ ಹೇಳಲಿಲ್ಲ. ಅಲ್ಲೇ ನಿಂತು ಹೊಸದೊಂದು ಕಟ್ಟಿದೆ:

"ಹಗ್ಗದ ಮುಂದ ಏಣಿ, ಏಣಿ ಮುಂದ ಉಪ್ಪ,
ಮಾಲತೇಶಪ್ಪ ಅವರಾಣಿ, ಮರತದ್ದು ನನ್ನದಲ್ಲ ತಪ್ಪ."

ಯಾರಿಗೂ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಶೇಖವ್ವ ಒಬ್ಬಳೇ ನಕ್ಕಳು, ಅಂದಿನಿಂದ ಮತ್ತೆ ನನ್ನೊಡನೆ ಮಾತಾಡುತ್ತಿದ್ದಾಳೆ. ನಮ್ಮ ಮನೆಯವರು ಬಸ್ಸಿನಲ್ಲಿ ದಾರಿಯುದ್ದಕ್ಕೂ "ನನ್ನ ಹೆಸರಿನ ಬಾಜೂಕ ಏಣಿ, ಉಪ್ಪು ಯಾಕ ತಂದಿ?" ಎಂದು ಕೇಳಿದರು. ಗೌಪ್ಯತೆಯ ನಿಯಮಾನುಸಾರ ಹೇಳಲು ಬರುವುದಿಲ್ಲ ಎಂದೆ.

ನಿನ್ನ ಹದಿನೇಳನೆಯಾಕೆ,
ಮೋಟೆಬೆನ್ನೂರು